ಎಡಗಿವಿಯ ಕಚ್ಚು

ಜೂನ್ ಒಂಬತ್ತರಂದು ಪೂನಮ ವರಮಾನದ ದಾಖಲೆ ತರಲು ಜತ್ತದ ತಹಶೀಲ್ ಕಚೇರಿಗೆ ಹೋಗಿದ್ದಳು. ಅವಳು ಬಸ್ಸು ಹತ್ತಿದ ಮೇಲೆ ಕುರಿಗಳ ಹಿಂಡು ಕುಣಿಕೋಣೂರಿನ ಅವರ ಮನೆಗೆ ಮರಳಿತು, ಅದೇ ದಿನ ಮರಿಗಳ ಕಿವಿ ಕೊಯ್ದರು.

ಸಂಜೆ ಬಸ್ಸಿಳಿದು ಬಂದಾಗ ಅಂಗಳದ ಕಲ್ಲಿನ ಮೇಲೆ ರಕ್ತದ ಹನಿಗಳಿದ್ದವು. ಸುತ್ತ ಅರಿಷಿಣ ಚೆಲ್ಲಿತ್ತು. ಗೂಡಿನಲ್ಲಿ ಮರಿಗಳು ತಲೆ ಕೊಡವುತ್ತಿದ್ದವು.

“ನಾಳಿ ಅಂದಿದ್ರಲ್ಲವ್ವ?”

“ನಿಮ್ಮಪ್ಪ ಇವತ್ತ ಮುಗಸೂಣಂದ್ರು,” ಎಂದಳು ತಾಯಿ ಮಂಗಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ತಿರುಗಿ ನೋಡಲಿಲ್ಲ.

ಈ ಮನೆಯ ಕುರಿಗಳು ದೀಪಾವಳಿಯ ನಂತರ ಹೊರಟು ಕರಾಡದ ಕಡೆಯ ಕಬ್ಬಿನ ಸೀಮೆಗೆ ಮೇಯಲು ಹೋಗುತ್ತವೆ, ಮಳೆಗಾಲದ ಹೊತ್ತಿಗೆ ಮರಳುತ್ತವೆ. ಅಜ್ಜ ಗೊಲ್ಲಾಳಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಎರಡು ವರ್ಷದಿಂದ ಹಿಂಡಿನ ಜೊತೆ ಹೋಗುವವನು ಪೂನಮಳ ತಂದೆ ರಾಜಕುಮಾರ. ದಾರಿಯಲ್ಲಿ ಹುಟ್ಟಿದ ಮರಿಗಳಿಗೆ ಗುರುತು ಬೀಳುವುದು ಊರಿಗೆ ಬಂದ ಮೇಲೆ, ಅದೂ ಮನೆಯ ಹಿರಿಯನ ಕೈಯಿಂದ. ಬಲಗಿವಿಯ ತುದಿ ಕೊಯ್ದಿದ್ದರೆ ಅದು ಮನೆಯ ಕುರಿ. ಎಡಗಿವಿಯ ತುದಿ ಕೊಯ್ದಿದ್ದರೆ ಪೂನಮಳ ಅಣ್ಣ ದತ್ತಾನದು. ಎಡಗಿವಿಯ ಅಂಚಿನಲ್ಲಿ ಒಂದು ಕಚ್ಚು ಇದ್ದರೆ ಪೂನಮಳದು. ಮಗುವಿನ ಜವಳ ತೆಗೆದ ದಿನ ಸೋದರಮಾವ ಒಂದು ಹೆಣ್ಣು ಮರಿ ಕೊಡುತ್ತಾನೆ. ಆ ಮರಿಯ ಸಂತಾನವೆಲ್ಲ ಆ ಮಗುವಿಗೇ ಸೇರುತ್ತದೆ. ಒಮ್ಮೆ ಗುರುತು ಬಿದ್ದರೆ ಮುಗಿಯಿತು, ಅದರ ಮೇಲೆ ಯಾರೂ ಮಾತಾಡುವಂತಿಲ್ಲ.

ಬಿಳೂರಿನ ವಿಠೋಬ ಮಾಮಾ ಹದಿನೇಳು ವರ್ಷದ ಹಿಂದೆ ಕೊಟ್ಟ ಮರಿಯ ಸಂತಾನದಲ್ಲಿ ಈಗ ಉಳಿದವು ಮೂರು ಕುರಿ. ಮೂರರಲ್ಲಿ ಚಂದ್ರಿ ಎಂಬುದು ಒಳ್ಳೆಯದು: ಎತ್ತರದ ಮೈ, ಗಿಣಿಮೂಗು, ಮೊಣಕಾಲು ಮುಟ್ಟುವಂತೆ ಜೋತ ಕಿವಿ. ಮಾಡಗ್ಯಾಳ ತಳಿಯಲ್ಲಿ ಇಂಥ ಮೂಗಿನ ಗಂಡು ಮರಿ ಹುಟ್ಟಿದರೆ ಬೆಲೆ ಸಾವಿರದಿಂದ ಲಕ್ಷದ ಕಡೆಗೆ ಹೋಗುತ್ತದೆ.

“ಮುತ್ಯಾ, ನನ್ನವು ಎಷ್ಟಾದವು?” ಪೂನಮ ಅಜ್ಜನ ಪಕ್ಕ ಕೂತಳು.

“ಎರಡಕ್ಕ ಕಚ್ಚು ಹಾಕೀನಿ. ಎರಡೂ ಹೆಣ್ಣು.”

“ಚಂದ್ರಿ ಮರಿ?”

ಕೈ ತೊಳೆಯುತ್ತಿದ್ದ ರಾಜಕುಮಾರ ಅಲ್ಲಿಂದಲೇ ಹೇಳಿದ, “ಅದು ಗಂಡು ಇತ್ತು, ಕರಾಡದಾಗ ಸತ್ತೈತಿ. ಹುಟ್ಟಿ ಎಂಟು ದಿನಕ್ಕ.”

ಪೂನಮ ಓದಿದ್ದು ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆ, ಆಮೇಲೆ ಎರಡು ವರ್ಷ ಜತ್ತದಲ್ಲಿ ವಿಜ್ಞಾನ. ಹನ್ನೆರಡನೆಯದರಲ್ಲಿ ಶೇಕಡಾ ಎಪ್ಪತ್ತನಾಲ್ಕು ಬಂದಿತ್ತು. ಮಿರಜಿನ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಕೊಡುತ್ತೇವೆಂದು ಹೇಳಿದ್ದರು. ಕಾಲೇಜಿನ ಫೀಗೆ ವಿದ್ಯಾರ್ಥಿವೇತನ ಬರುತ್ತದೆ, ಹಾಸ್ಟೆಲ್ಲಿಗೆ, ಊಟಕ್ಕೆ ಬರುವುದಿಲ್ಲ. ಅದರ ಐವತ್ತು ಸಾವಿರವನ್ನು ಜುಲೈ ಹದಿನೈದರೊಳಗೆ ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ. ಅವಳು ಚಿಕ್ಕವಳಿದ್ದಾಗಿಂದ ಅಜ್ಜ ಒಂದೇ ಮಾತು ಹೇಳಿಕೊಂಡು ಬಂದಿದ್ದ: “ನಿನ್ನ ಕುರಿ ನಿನ್ನ ಸಾಲಿಗಿ.” ಅವಳು ಲೆಕ್ಕ ಹಾಕಿದ್ದು, ಹಿಂಡು ಹೊರಟಾಗ ಗಬ್ಬವಾಗಿದ್ದ ಚಂದ್ರಿಯ ಮರಿಯ ಮೇಲೆಯೇ.

ಒಳಗಿನ ಕೋಣೆಯಲ್ಲಿ ಏನೋ ಒದರಿತು. ಪೂನಮ ಬಾಗಿಲು ಸರಿಸಿ ನೋಡಿದಳು. ಜೋಳದ ಚೀಲಗಳ ಪಕ್ಕ ಗೂಟಕ್ಕೆ ಕಟ್ಟಿದ ಒಂದು ಗಂಡು ಮರಿ. ಗಿಣಿಮೂಗು. ಎಡಗಿವಿಯ ತುದಿ ಕೊಯ್ದಿತ್ತು.

“ಅದು ದತ್ತಾನ ಕೆಂಪಿ ಮರಿ,” ತಂದೆ ಹಿಂದೆ ಬಂದು ನಿಂತಿದ್ದ. “ಕೆಂಪಿ ಕೆಚ್ಚಲಿಗಿ ಬಾವು ಬಂದೈತಿ, ಬಾಟಲಿಲೆ ಕುಡಸಬೇಕು. ನೀ ಹೆಂಗೂ ಮನ್ಯಾಗ ಇರ್ತಿ, ಇದು ನಿನ್ನ ಕೆಲಸ. ಗೂಡಿನಾಗ ಬಿಡಬ್ಯಾಡ, ಉಳದ ಮರಿ ಬ್ಯಾನಿ ಇದಕ್ಕ ಹತ್ತತೈತಿ.”

“ಬಾಟಲಿಗಿ ಹಾಲು?”

“ಹಣಮವ್ವನ ಆಕಳದ್ದು ನಿಮ್ಮವ್ವ ತರ್ತಾಳ.”

*

ಮಂಗಲ ಬೆಳಗಿನ ಏಳಕ್ಕೆ ಟೆಂಪೊ ಹತ್ತಿ ಬಿಳೂರಿನ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಹೆಂಗಸರಿಗೆ ಮುನ್ನೂರೈವತ್ತು. ಅದೇ ಸಾಲಿನಲ್ಲಿ ಅದೇ ಕೆಲಸ ಮಾಡುವ ಗಂಡಸರಿಗೆ ಐದು ನೂರು. ಹೊರಡುವ ಮುಂಚೆ ರೊಟ್ಟಿ ಬಡಿದು, ನೀರು ತುಂಬಿ, ಒಂದು ತಂಬಿಗೆಯಲ್ಲಿ ಹಾಲು ಮುಚ್ಚಿಟ್ಟು ಹೋಗುವಳು. ಆ ಹಾಲನ್ನು ಬಾಟಲಿಗೆ ಸುರಿದು ದಿನಕ್ಕೆ ನಾಲ್ಕು ಸಲ ಕುಡಿಸುವುದು ಪೂನಮಳ ಪಾಲಿಗೆ ಬಂತು. ಮರಿ ಬಾಟಲಿ ಕಂಡರೆ ಹಗ್ಗ ಹರಿಯುವಂತೆ ಜಗ್ಗುತ್ತಿತ್ತು. ನಾಲ್ಕು ತಿಂಗಳ ಮರಿ, ಆದರೆ ಎತ್ತಲಿಕ್ಕೆ ಇಬ್ಬರು ಬೇಕು.

ಎರಡನೆಯ ವಾರದಲ್ಲಿ ಅಜ್ಜಿ ಹಾಲವ್ವ ಬಾಯಿ ತೆಗೆದಳು. ಸೊಸೆ ಟೆಂಪೊಗೆ ಬುತ್ತಿ ಕಟ್ಟುವ ಹೊತ್ತು.

“ಮಂಗಲಾ, ದಿನಾ ಕೋಳಿ ಕೂಗೂಕಿಂತ ಮೊದಲ ಎದ್ದು ಹಟ್ಟ್ಯಾಗ ಏನ ಮಾಡ್ತಿ?”

“ಕಸಾ ಹೊಡೀತೀನಿ ಅತ್ತಿ.”

“ಕಸಾ ಹೊಡ್ಯಾಕ ತಂಬಗಿ ಯಾಕ ಬೇಕು?”

ಮಂಗಲ ಬುತ್ತಿಯ ಗಂಟು ಬಿಗಿದಳು.

“ಕುರಿ ಹಿಂಡಿ ಹಾಲು ಎಲ್ಲಿಗಿ ಹೊಂಟೈತಿ ಅಂತ ಕೇಳಾಕತ್ತೀನಿ. ಟೆಂಪೊದಾಗ ಬಿಳೂರಿಗಿ ಹೊಂಟೈತೇನು, ನಿನ್ನ ತವರ ಮನಿ ಚಾಕ್ಕ?”

“ನಮ್ಮ ತವರಾಗ ಎರಡು ಎಮ್ಮಿ ಅದಾವ ಅತ್ತಿ. ನಿಮ್ಮ ಮನಿ ತಂಬಗಿ ಹಾಲಿಗಿ ಯಾರೂ ಬಾಯಿ ತಕ್ಕೊಂಡು ಕುಂತಿಲ್ಲ.”

“ನೋಡು, ಹೆಂಗ ಮಾತಾಡ್ತಾಳ! ನಾ ಕೇಳಿದ್ದಕ್ಕ ಉತ್ತರ ಇಲ್ಲ, ಎಮ್ಮಿ ಲೆಕ್ಕಾ ಹೇಳ್ತಾಳ.”

ಟೆಂಪೊ ಹಾರ್ನ್ ಹಾಕಿತು. ಮಂಗಲ ಹೋದಳು. ಪೂನಮ ತಂಬಿಗೆಯ ಮುಚ್ಚಳ ತೆಗೆದಳು. ಬೆರಳು ಅದ್ದಿ ನೆಕ್ಕಿದಳು. ಹಾಲು ಮಂದವಾಗಿತ್ತು. ಕಾಯಿಸಿದಾಗ ಮೇಲೆ ಕಟ್ಟಿದ ಕೆನೆ ರೊಟ್ಟಿಯ ಹಾಗೆ ಎತ್ತಲು ಬಂತು. ಇದು ಆಕಳ ಹಾಲಲ್ಲ.

ಮಧ್ಯಾಹ್ನ ಅವಳು ಹಣಮವ್ವನ ಮನೆಗೆ ಹೋದಳು. ಹಣಮವ್ವ ಮತ್ತು ಅವಳ ಗಂಡ ಬೀರು ಪ್ರತಿ ವರ್ಷ ತಮ್ಮ ಹಿಂಡನ್ನು ರಾಜಕುಮಾರನ ಹಿಂಡಿನ ಜೊತೆಗೇ ಒಯ್ಯುತ್ತಾರೆ.

“ಕಾಕು, ಅವ್ವ ದಿನಾ ಎಷ್ಟು ಹಾಲು ಒಯ್ತಾಳ? ಹದಿನೈದು ದಿನ ಆಗಾಕ ಬಂತು, ಬರದಿಡೂಣಂತ.”

“ಯಾವ ಹಾಲು?” ಹಣಮವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. “ನಮ್ಮ ಆಕಳ ಗಬ್ಬ ಐತಲ್ಲವ್ವ, ಹಿಂಡೂದು ಬಿಟ್ಟು ಎರಡು ತಿಂಗಳಾತು. ನಮಗ ಚಾಕ್ಕ ಪಾಕೀಟು ತರ್ತೀವಿ.”

ಪೂನಮಳೂ ಕೂತು ಶೇಂಗಾ ಸುಲಿಯತೊಡಗಿದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, “ಚಂದ್ರಿ ಮರಿ ಸತ್ತಾಗ ನೀವೂ ಅಲ್ಲೇ ಇದ್ರಿ?”

“ಸತ್ತ ಮರಿ ಹುಗಿಯೂದು ಹೆಂಗಸರ ಪಾಲಿಗಿ. ನಿಮ್ಮವ್ವ ಬಂದಿರಲಿಲ್ಲ. ಎರಡೂ ಹಿಂಡಿಂದು ನಾನ ಹುಗದೀನಿ. ಏಳು. ಅದರಾಗ ಗಂಡು ಎರಡು, ಎರಡೂ ನಮ್ಮವು.” ಹೇಳಿ ಮುಗಿಸಿದ ಮೇಲೆ ಹಣಮವ್ವನಿಗೆ ತಾನೇನು ಹೇಳಿದೆನೆಂದು ಹೊಳೆಯಿತು. ಮೊರದಲ್ಲಿದ್ದ ಕಾಳನ್ನು ಕೇರಿ, ದನಿ ತಗ್ಗಿಸಿದಳು. “ನಾ ಹೇಳೀನಂತ ಅನ್ನಬ್ಯಾಡವ್ವ ತಂಗಿ. ದೀಪಾವಳಿ ಆದಮ್ಯಾಲ ಮತ್ತ ಕೂಡೇ ಹೋಗಬೇಕು. ನಾವು ಇಬ್ಬರ, ನಿಮ್ಮಪ್ಪ ಇಲ್ಲಂದ್ರ ಕಬ್ಬಿನವರು ನಮಗ ಹೊಲಾ ತುಳಿಯಾಕ ಬಿಡಂಗಿಲ್ಲ.”

ಆ ಸಂಜೆ ಹಿಂಡು ಬಂದಾಗ ಪೂನಮ ಕೆಂಪಿಯನ್ನು ಹಿಡಿದು ಕೆಚ್ಚಲು ಮುಟ್ಟಿದಳು. ಬಾವಿರಲಿಲ್ಲ, ಗಟ್ಟಿಯೂ ಇರಲಿಲ್ಲ. ಮರಿ ಹಾಕಿ ವರ್ಷವಾದ ಕುರಿಯ ಹಾಗೆ ಒಣಗಿ ಜೋತುಬಿದ್ದಿತ್ತು. ಆಮೇಲೆ ಚಂದ್ರಿಯನ್ನು ಹಿಡಿದಳು. ಮರಿ ಸತ್ತು ಮೂರು ತಿಂಗಳಾದ ಕುರಿಗೆ ಹಾಲು ಇರಬಾರದು. ಚಂದ್ರಿಯ ಕೆಚ್ಚಲು ಬಿಗಿದಿತ್ತು. ಒತ್ತಿದರೆ ಬೆರಳ ಮೇಲೆ ಹಾಲು ಬಂತು.

ಅಜ್ಜ ಕಟ್ಟೆಯ ಮೇಲೆ ಬೀಡಿ ಹಚ್ಚುತ್ತಿದ್ದ.

“ಮುತ್ಯಾ, ಕಿವಿ ಕೊಯ್ಯೂ ಮುಂದ ಯಾವ ಮರಿ ಯಾರ್ದು ಅಂತ ನಿನಗ ಯಾರು ಹೇಳಿದ್ರು?”

“ನಿಮ್ಮಪ್ಪ.”

“ನೀ ಕೈಲೆ ನೋಡಲಿಲ್ಲ?”

“ಕಣ್ಣು ಹೋಗ್ಯಾವವ್ವ. ಅಂವ ಏನ ಹೇಳಿದ, ಅದನ್ನ ಕೊಯ್ದೆ.”

“ಕೈ ಹೋಗಿಲ್ಲಲ್ಲ.”

ಗೊಲ್ಲಾಳಪ್ಪ ಬೀಡಿಯ ಬೆಂಕಿ ಹುಡುಕುವವನಂತೆ ಮುಖ ಆಚೆ ತಿರುಗಿಸಿದ.

*

ದತ್ತಾ ಜೂನ್ ಕೊನೆಯ ಭಾನುವಾರ ಬಂದ. ಸಾಂಗಲಿಯಲ್ಲಿ ಪೊಲೀಸ್ ನೇಮಕಾತಿಗೆ, ಅವರ ಮಾತಿನಲ್ಲಿ ಭರತಿಗೆ, ಹುಡುಗರನ್ನು ತಯಾರು ಮಾಡುವ ಅಕಾಡೆಮಿಯೊಂದರಲ್ಲಿ ಅವನು ಮೂರನೆಯ ವರ್ಷ. ಹಿಂದಿನ ಸಲ ಓಟದಲ್ಲಿ ಪಾಸಾಗಿ ಬರವಣಿಗೆಯಲ್ಲಿ ಆರು ಅಂಕ ಕಡಿಮೆ ಬಿದ್ದಿದ್ದವು. ಅದಕ್ಕೂ ಹಿಂದಿನ ಸಲ ಓಟದಲ್ಲೇ ಹೋಗಿದ್ದ. ಮಂಗಲ ಅವನಿಗಾಗಿ ಆರು ಮೊಟ್ಟೆ ಕುದಿಸಿದಳು. ಹಾಲವ್ವ ಒಂದನ್ನು ಪೂನಮಳ ತಟ್ಟೆಗೆ ಹಾಕಿದಳು.

“ಅಣ್ಣಾ, ನಿನ್ನ ಕೆಂಪಿಗಿ ಛಲೋ ಮರಿ ಆಗೈತಲ್ಲ.”

“ಯಾವ ಕೆಂಪಿ?”

“ನಿನ್ನ ಕುರಿ.”

“ನನ್ನ ಕುರಿ ಯಾವದಂತ ನನಗೇನ ಗೊತ್ತು? ಅಪ್ಪ ಫೋನ್ ಮಾಡಿದ್ದ. ಫೀ ವ್ಯವಸ್ಥಾ ಆಗೈತಿ, ಜುಲೈದಾಗ ಕೊಡ್ತೀನಿ ಅಂದ. ಅಕಾಡೆಮಿಯವರೂ ಅಲ್ಲೀತನಕ ತಡೀತೀವಿ ಅಂದಾರ.”

“ಯಾವಾಗ ಫೋನ್ ಮಾಡಿದ್ದ?”

“ಹಿಂಡು ಊರಿಗಿ ಬರೂಕಿಂತ ಮೊದಲ. ಯಾಕ?”

“ಸುಮ್ಮ ಕೇಳಿದೆ.”

ರಾಜಕುಮಾರ ರೊಟ್ಟಿ ಮುರಿಯುತ್ತಿದ್ದ. ತಲೆ ಎತ್ತಲಿಲ್ಲ.

ಪೂನಮ ತಟ್ಟೆ ಪಕ್ಕಕ್ಕಿಟ್ಟಳು. “ಅಪ್ಪಾ, ಹದಿನೈದನೇ ತಾರೀಖಿನೊಳಗ ಐವತ್ತು ಸಾವಿರ ಕಟ್ಟಬೇಕು.”

“ನಿನ್ನ ಎರಡು ಹೆಣ್ಣು ಮರಿ ಮಾರು. ಹದಿನೆಂಟು ಸಾವಿರ ಬರ್ತಾವ.”

“ಉಳದದ್ದು?”

“ಉಳದದ್ದು ಬರೂ ವರ್ಷ. ಒಂದು ವರ್ಷ ಮನ್ಯಾಗ ಇದ್ದರ ಏನ ಆಗತೈತಿ? ನಿಮ್ಮವ್ವನ ಜೋಡಿ ಟೆಂಪೊ ಹತ್ತು, ಮುನ್ನೂರೈವತ್ತು ದಿನಾ ಕೈಗಿ ಬರತೈತಿ.”

“ಅಣ್ಣ ಎರಡು ವರ್ಷ ನಾಪಾಸಾದ. ಆವಾಗ ಅವಗ ಟೆಂಪೊ ಹತ್ತು ಅಂದ್ಯಾ?”

“ಅಂವ ಪೊಲೀಸ ಆದರ ಪಗಾರ ಈ ಮನಿಗಿ ಬರತೈತಿ,” ರಾಜಕುಮಾರ ನಿಧಾನವಾಗಿ, ಬಹಳ ದಿನದಿಂದ ಯೋಚಿಸಿಟ್ಟ ಮಾತಿನಂತೆ ಹೇಳಿದ. “ನೀ ಕಲ್ತು ಪಗಾರ ತಂದರ ಅದು ಯಾರ ಮನಿಗಿ ಹೋಗತೈತಿ? ಅದನ್ನ ಹೇಳು.”

“ಪಗಾರದ್ದು ಆಮ್ಯಾಲ ನೋಡೂಣು. ಕುರಿದು ಹೇಳು. ಕೆಂಪಿ ಕೆಚ್ಚಲ ಮುಟ್ಟೀನಿ. ಬಾವಿಲ್ಲ.”

“ಇಳದಿರಬೇಕು.”

“ಒಣಗೈತಿ. ಈ ವರ್ಷ ಅದು ಮರೀನ ಹಾಕಿಲ್ಲ.”

“ತನಿಖೀ ಮಾಡ್ತಿ ಏನ ನಂದು? ಉಣ್ಣೂ ಹೊತ್ತಿನ್ಯಾಗ ಅಪ್ಪನ ಮ್ಯಾಲ ಕೇಸು ಹಾಕ್ತಿ?” ರಾಜಕುಮಾರನ ಕೈಯ ರೊಟ್ಟಿ ತಟ್ಟೆಗೆ ಬಿತ್ತು.

“ಭರತಿಗಿ ಈಕೀನ ಕಳಸಬೇಕಾಗಿತ್ತು,” ಎಂದಳು ಹಾಲವ್ವ. “ಒಂದ ಸಲಕ್ಕ ಪಾಸಾಗ್ತಿದ್ದಳು.”

ದತ್ತಾ ನಕ್ಕ. ಬೇರೆ ಯಾರೂ ನಗದ್ದನ್ನು ನೋಡಿ ನಿಲ್ಲಿಸಿದ. ಅವನ ಕಣ್ಣು ಒಮ್ಮೆ ಕೋಣೆಯ ಬಾಗಿಲಿನ ಕಡೆ, ಒಮ್ಮೆ ತಂದೆಯ ಕಡೆ ಹೋಯಿತು. ಐದನೆಯ ಮೊಟ್ಟೆ ತಿನ್ನದೆ ಎದ್ದ. ಸಂಜೆಯ ಬಸ್ಸಿಗೇ ಸಾಂಗಲಿಗೆ ಹೊರಟ. ತಂಗಿಗೆ ಹೋಗಿ ಬರುತ್ತೇನೆ ಎನ್ನಲಿಲ್ಲ.

ಪಾತ್ರೆ ತೊಳೆಯುವಾಗ ಪೂನಮ ತಾಯಿಗೆ ಕೇಳಿದಳು, “ಚಂದ್ರೀನ ಹಿಂಡಾಕಿ ನೀನ?”

ಮಂಗಲ ಬೂದಿ ಹಚ್ಚಿದ ಪಾತ್ರೆಯನ್ನು ಮತ್ತೊಮ್ಮೆ ತಿಕ್ಕಿದಳು. “ಕೆಚ್ಚಲ ತುಂಬಿ ಒದರ್ತಿತ್ತು. ಬಿಟ್ಟರ ಕುರೀ ಸಾಯ್ತಿತ್ತು.”

“ನಿನಗ ಮೊದಲಿಂದ ಗೊತ್ತಿತ್ತು.”

“ನಾ ಏನ ಹೇಳಿದ್ದರೂ ಈ ಮನ್ಯಾಗ ಯಾರು ಕೇಳ್ತಿದ್ದರು?”

“ನಾ ಕೇಳ್ತಿದ್ದೆ.”

ಮಂಗಲ ನೀರು ಸುರಿದು ಎದ್ದುಹೋದಳು.

ಅಂದಿನಿಂದ ಮನೆಯಲ್ಲಿ ಒಬ್ಬರ ಮೇಲೊಬ್ಬರಿಗೆ ಕಣ್ಣು. ರಾಜಕುಮಾರ ಕೋಣೆಗೆ ಬೀಗ ತಂದ. ಹಾಲು ಕುಡಿಸುವ ಹೊತ್ತಿಗೆ ತಾನೇ ತೆಗೆದು, ತಾನೇ ಹಾಕುತ್ತಿದ್ದ. ಹಾಲವ್ವ ಹಾಲಿನ ತಂಬಿಗೆಯನ್ನು ತನ್ನ ಮಂಚದ ಕೆಳಗಿಟ್ಟುಕೊಂಡಳು. ಯಾರು ಕೇಳಿದರೂ ಎಷ್ಟು ಹಾಲು, ಯಾತಕ್ಕೆಂದು ವಿಚಾರಿಸಿಯೇ ಕೊಡುತ್ತಿದ್ದಳು. ಪೂನಮ ಫೋನಿನಲ್ಲಿ ಮಾತಾಡುವಾಗಲೆಲ್ಲ ರಾಜಕುಮಾರನಿಗೆ ಅಂಗಳದಲ್ಲಿ ಏನಾದರೂ ಕೆಲಸ ಬರುತ್ತಿತ್ತು.

*

ಜುಲೈ ಹನ್ನೆರಡು, ಶನಿವಾರ. ಬಾಲಗಾಂವದ ಮಹಾಂತ ಸಾವಕಾರರು ಮರಿ ನೋಡಲು ಬಂದರು. ಟಗರು ಸಾಕುವುದು ಅವರ ಹವ್ಯಾಸ. ಮನೆಯಲ್ಲಿ ನಾಲ್ಕು ತಳಿಯ ಟಗರುಗಳಿದ್ದವು. ಮಧ್ಯಾಹ್ನ, ಹಿಂಡು ಅಡವಿಯಲ್ಲಿರುವ ಹೊತ್ತು ನೋಡಿಯೇ ರಾಜಕುಮಾರ ಅವರನ್ನು ಕರೆದಿದ್ದ. ಕುರಿಗಳನ್ನು ಆ ದಿನ ಬೀರು ಕಾಯುತ್ತಿದ್ದ.

“ಬರ್ರಿ ಸಾವಕಾರ್ರ, ಕುಂದ್ರಿ. ಮಂಗಲಾ, ಚಾ ಇಡು.” ಕೂಲಿಗೆ ಹೋಗಬೇಡವೆಂದು ಅವಳಿಗೆ ಬೆಳಿಗ್ಗೆಯೇ ಹೇಳಿದ್ದ.

ಮಹಾಂತರು ಮರಿಯ ಮೂಗು ಸವರಿದರು, ಹಲ್ಲು ನೋಡಿದರು, ಬೆನ್ನ ಮೇಲೆ ಗೇಣು ಹಾಕಿದರು. ಕೊಯ್ದ ಕಿವಿಯನ್ನು ಬೆರಳಲ್ಲಿ ಮಡಚಿ ನೋಡಿದರು. ಮಾತು ಎಂಬತ್ತರಿಂದ ಎದ್ದು ತೊಂಬತ್ತೈದು ಸಾವಿರಕ್ಕೆ ನಿಂತಿತು.

“ಆತು,” ಎಂದರು. “ತಾಯಿ ತೋರಸ್ರಿ.”

ರಾಜಕುಮಾರನಿಗೆ ಈ ಮಾತು ಬರುತ್ತದೆಂದು ಹೊಳೆದಿರಲಿಲ್ಲ. ಅವನು ಇಲ್ಲಿಯವರೆಗೆ ಮರಿ ಮಾರಿದ್ದೆಲ್ಲ ದಲಾಲರಿಗೆ; ದಲಾಲರು ತೂಕ ನೋಡುತ್ತಾರೆ, ತಾಯಿಯನ್ನು ಕೇಳುವುದಿಲ್ಲ. ತಳಿಗೆ ಒಯ್ಯುವವರು ತಾಯಿಯನ್ನು ನೋಡದೆ ಹಗ್ಗ ಹಿಡಿಯುವುದಿಲ್ಲ.

“ಅಡವ್ಯಾಗ ಐತ್ರಿ. ಸಂಜೀಕ ಬರತೈತಿ. ನೀವು ಎಲ್ಲಿ ತನಕ ಕಾಯ್ತೀರಿ…”

“ಕಾಯ್ತೀನಿ. ನನಗೇನ ಹೊಲಾ ಹರಗೂದೈತೇನು?”

ಸಾವಕಾರರು ಎರಡು ಸಲ ಚಹಾ ಕುಡಿದರು, ಸಜ್ಜೆ ರೊಟ್ಟಿ, ಮಡಕಿ ಕಾಳಿನ ಪಲ್ಯ ಉಂಡರು. ಐದೂವರೆಗೆ ಬೀರು ಹಿಂಡು ಹೊಡೆದುಕೊಂಡು ಬಂದ. ರಾಜಕುಮಾರ ಹಟ್ಟಿಗೆ ನುಗ್ಗಿ ಕೆಂಪಿಯ ಕಾಲು ಹಿಡಿದು ಎಳೆದು ತಂದ. ಮಹಾಂತರು ಅದರ ಮುಖ ನೋಡಿದರು, ಮರಿಯ ಮುಖ ನೋಡಿದರು.

ಮರಿಯ ಹಗ್ಗ ಅಂಗಳದ ಗೂಟದಲ್ಲಿತ್ತು. ಪೂನಮ ಬಗ್ಗಿ ಹಗ್ಗ ಬಿಚ್ಚಿದಳು.

“ಏ, ಏ!” ರಾಜಕುಮಾರ ಕೂಗಿದ.

ಮರಿ ಕೆಂಪಿಯ ಪಕ್ಕದಿಂದಲೇ ಹಾದುಹೋಯಿತು. ಹಿಂಡಿನಲ್ಲಿ ಒಂದು ಕುರಿ ತಲೆ ಎತ್ತಿ ಒದರಿತು. ಮರಿ ನಾಲ್ಕು ಕುರಿಗಳ ನಡುವೆ ನುಗ್ಗಿ ಚಂದ್ರಿಯ ಹೊಟ್ಟೆಯ ಕೆಳಗೆ ಮಂಡಿಯೂರಿತು. ಚಂದ್ರಿ ಹಿಂಗಾಲು ಅಗಲಿಸಿ ನಿಂತು ಮರಿಯ ಬಾಲದ ಬುಡ ಮೂಸಿತು.

“ಹಸಿದಿತ್ತು,” ಎಂದ ರಾಜಕುಮಾರ. “ಹಸಿದ ಮರಿ ಯಾವ ಕುರಿಗಿ ಬೇಕಾದರೂ ಬಾಯಿ ಹಾಕತೈತಿ.”

“ಮರಿ ಹಾಕತೈತಿ ಖರೆ,” ಎಂದರು ಮಹಾಂತರು. “ಕುರಿ ನಿಂದ್ರತೈತೇನು?”

ಬೀರು ನೆಲ ನೋಡುತ್ತಿದ್ದ. ಮಹಾಂತರು ಹತ್ತಿರ ಹೋಗಿ ಚಂದ್ರಿಯ ಎಡಗಿವಿ ಹಿಡಿದರು. ಅಂಚಿನಲ್ಲಿ ಹಳೆಯ ಕಚ್ಚು.

“ಇದು ಯಾರ ಗುರುತು?”

“ನಂದು,” ಎಂದಳು ಪೂನಮ.

“ಮರಿ ಮ್ಯಾಗಿಂದು?”

“ನಮ್ಮ ಅಣ್ಣಂದು.”

ಮಹಾಂತರು ಕಟ್ಟೆಯ ಕಡೆ ತಿರುಗಿದರು. “ಗೊಲ್ಲಾಳಪ್ಪ, ಕಿವಿ ಕೊಯ್ದಾಂವ ನೀನು. ಏನಿದು?”

ಗೊಲ್ಲಾಳಪ್ಪ ಕೋಲು ಊರಿ ಎದ್ದ.

“ಕೊಯ್ಯೂ ಮುಂದ ಮರಿ ಒದರ್ತು,” ಎಂದ. “ಹಟ್ಟ್ಯಾಗಿಂದ ಚಂದ್ರಿ ಒದರಿದಳು. ನಲವತ್ತೈದು ವರ್ಷ ಕುರಿ ಕಾಯ್ದೀನ್ರಿ, ಒದರಿದ್ದು ಯಾವ ಕುರಿ ಅಂತ ನನಗ ಯಾರೂ ಹೇಳೂದು ಬ್ಯಾಡ. ಗೊತ್ತಿದ್ದ ಕೊಯ್ದೆ.”

“ಅಪ್ಪಾ!” ರಾಜಕುಮಾರ ಗದರಿದ.

“ಸುಮ್ಮನಿರೋ. ಹಿಂಡು ನಿನ್ನ ಕೈಯಾಗೈತಿ, ನನ್ನ ತುತ್ತೂ ನಿನ್ನ ಕೈಯಾಗೈತಿ. ಅದಕ್ಕ ಕೊಯ್ದೆ.” ಮೊಮ್ಮಗಳ ದನಿ ಬಂದ ದಿಕ್ಕಿಗೆ ತಿರುಗಿದ. “ಅವತ್ತ ನೀ ಕೇಳಿದಿ. ಹೇಳಲಿಲ್ಲ.”

ಮಹಾಂತರು ಟೋಪಿ ತೆಗೆದು ಬೆವರು ಒರೆಸಿಕೊಂಡರು. “ನನಗ ಮರಿ ಬೇಕು. ಆದರ ಜಗಳ ಹೊತ್ತುಕೊಂಡು ಹೋಗಾಂವಲ್ಲ ನಾ. ನಿಮ್ಮೊಳಗ ನೀವು ಬಗಿಹರಸ್ಕೋರಿ. ದತ್ತಾನ ಗುರುತಿನ ಮ್ಯಾಲ ಕೊಡ್ತೀರಿ ಅಂದ್ರ ತೊಂಬತ್ತೈದು ರಾಜಕುಮಾರಗ. ಹುಡುಗಿ ಕಚ್ಚು ಹಾಕಿ ಕೊಡ್ತೀರಿ ಅಂದ್ರ ಅರವತ್ತೆರಡು ಹುಡುಗಿಗಿ. ಒಂದ ಕಿವಿ ಮ್ಯಾಲ ಎರಡು ಗುರುತಿನ ಟಗರು ತಗೊಂಡು ಮಾಡಗ್ಯಾಳದ ಸಂತ್ಯಾಗ ನಿಂತರ ಮಂದಿ ಕಳುವಿಂದು ಅಂತಾರ. ನಾಕು ಮಂದಿಗಿ ನಾ ಉತ್ತರ ಕೊಡಬೇಕು. ಅದರ ಬೆಲಿ ನಾ ಹೊರಂಗಿಲ್ಲ.”

ರಾಜಕುಮಾರ ಮಗಳ ಹತ್ತಿರ ಬಂದ. ಅಷ್ಟು ದಿನದಲ್ಲಿ ಮೊದಲ ಸಲ ಅವನ ದನಿ ಮೆತ್ತಗಾಗಿತ್ತು.

“ಪೂನೀ, ಮೂವತ್ಮೂರು ಸಾವಿರ ಮಣ್ಣಾಗ ಹಾಕಬ್ಯಾಡ. ಇದ್ದಂಗ ಹೋಗಲಿ. ತೊಂಬತ್ತೈದು ಬರಲಿ, ಸೋಮವಾರ ನಿನ್ನ ಐವತ್ತು ನಾನ ಕಟ್ತೀನಿ. ದತ್ತಾಂದೂ ಆಗತೈತಿ, ನಿಂದೂ ಆಗತೈತಿ. ನಾ ನಿಮ್ಮಪ್ಪ ಅದೀನಿ.”

ಅದು ಸರಿಯಾದ ಲೆಕ್ಕವೇ ಆಗಿತ್ತು. ಅಂಗಳದಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಐವತ್ತು ಕಳೆದರೂ ದತ್ತಾನ ಪಾಲಿಗೆ ನಲವತ್ತೈದು ಉಳಿಯುತ್ತಿತ್ತು.

“ಮರಿ ಸತ್ತೈತಿ ಅಂತ ಹೇಳಿದಾಂವನೂ ನೀನ ಅಪ್ಪಾ,” ಎಂದಳು ಪೂನಮ. “ಕಚ್ಚು ಹಾಕು ಮುತ್ಯಾ.”

ಹಾಲವ್ವ ಒಳಗಿಂದ ಚೂರಿಯನ್ನೂ ಅರಿಷಿಣದ ಡಬ್ಬಿಯನ್ನೂ ತಂದಳು. ಗೊಲ್ಲಾಳಪ್ಪನ ಬೆರಳುಗಳು ಮರಿಯ ಕಿವಿಯ ಅಂಚನ್ನು ಹುಡುಕಿಕೊಂಡವು, ಆದರೆ ಮರಿ ನಿಲ್ಲಲಿಲ್ಲ. ಬೀರು ಹಿಡಿಯಲು ಬರಲಿಲ್ಲ. ರಾಜಕುಮಾರ ಕೈ ಕಟ್ಟಿ ನಿಂತ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಂಗಲ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದಳು. ಗಂಡನನ್ನು ದಾಟಿ ಬಂದು, ಮರಿಯ ತಲೆಯನ್ನು ಎರಡೂ ಮೊಣಕಾಲಿನ ನಡುವೆ ಹಿಡಿದು, “ಕೊಯ್ರಿ ಮಾವಾರ,” ಎಂದಳು.

ಮರಿ ಒದರಿತು. ಚಂದ್ರಿಯೂ ಒದರಿತು.

ಮಹಾಂತರು ಫೋನ್ ತೆಗೆದು ನಂಬರು ಕೇಳಿದರು. ರಾಜಕುಮಾರ ಬಾಯಿ ತೆಗೆಯುವಷ್ಟರಲ್ಲಿ ಪೂನಮ ತನ್ನ ನಂಬರಿನ ಹತ್ತೂ ಅಂಕಿ ಹೇಳಿದಳು. ಅರವತ್ತೆರಡು ಸಾವಿರ ಬಂತೆಂಬ ಸಂದೇಶವನ್ನು ಎರಡು ಸಲ ಓದಿದ ಮೇಲೆಯೇ ಹಗ್ಗವನ್ನು ಅವರ ಕೈಗೆ ಕೊಟ್ಟಳು.

ಜೀಪು ಹೋದ ಮೇಲೆ ಅಂಗಳದಲ್ಲಿ ಬಹಳ ಹೊತ್ತು ಯಾರೂ ಕೂರಲಿಲ್ಲ. ರಾಜಕುಮಾರ ಗೂಟ ಕಿತ್ತು ಗೋಡೆಗೆ ಎಸೆದ.

“ಆತಲ್ಲ? ಇನ್ನ ಈ ಮನಿ ಕುರಿ ಮ್ಯಾಲ ನಿನ್ನ ಕಣ್ಣು ತಗದಿ ಅಂತ ತಿಳೀತೀನಿ. ಮಿರಜಕ್ಕ ಹೋಗು, ಆರಾಮ ಇರು. ಇಲ್ಲಿದು ನಾ ನೋಡ್ಕೊಳ್ತೀನಿ.”

ಪೂನಮ ಚಂದ್ರಿಯನ್ನು ಹಟ್ಟಿಯೊಳಗೆ ಹೊಡೆದು ಅಗಳಿ ಹಾಕಿದಳು.

“ದೀಪಾವಳಿಗಿ ನನಗ ಹದಿನೈದು ದಿನ ಸೂಟಿ ಐತಿ,” ಎಂದಳು. “ಚಂದ್ರಿ ಮತ್ತ ಆವಾಗ ಈಯತೈತಿ. ನಾ ಬಂದಿರ್ತೀನಿ.”